ಹಳೆಯ ಆರ್‌ಪಿಜಿಗಳೇ ಚೆನ್ನಾಗಿದ್ದವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಪಿಜಿ ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಒಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ವಿಡಿಯೋ ಗೇಮ್. ಅದನ್ನು ಆಡುವವರು ನಾಲ್ಕು ಜನ ಸೇರಿದರೆ ಈ ಜಗಳ ಎದ್ದೇ ಏಳುತ್ತದೆ. ನಾನು ಎರಡೂ ಕಡೆ ನಿಂತು ಜಗಳ ಆಡಿದವನು. ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಬರೆದಿಟ್ಟರೆ ಗಂಟಲಾದರೂ ಉಳಿಯುತ್ತದೆ ಅಂತ ಕೂತೆ. ಒಂದು ಕಡೆ ಹಳೆಯ ಆಟದ ಕೊನೆಯ ಗುಟ್ಟು ಬಿಟ್ಟುಕೊಟ್ಟಿದ್ದೇನೆ. ಅಲ್ಲಿ ಮೊದಲೇ ಎಚ್ಚರಿಸುತ್ತೇನೆ.

ಒಂದೇ ಮಾತಲ್ಲಿ ಹೇಳಿ. ಹಳೆಯವು ಮೇಲಾ, ಹೊಸವು ಮೇಲಾ?

ಆಡೋಕೆ ಹೊಸವೇ ಮೇಲು. ಆದರೆ ಹಳೆಯವು ಅರ್ಧ ಕೆಲಸವನ್ನು ನಮಗೇ ಬಿಡುತ್ತಿದ್ದವು. ದಾರಿ ಹುಡುಕೋದು, ನೆನಪಿಡೋದು, ಊಹಿಸೋದು, ತಪ್ಪು ಮಾಡಿ ಅನುಭವಿಸೋದು, ಎಲ್ಲಾ ಆಡುವವರ ಪಾಲಿಗೆ. ಎಷ್ಟೋ ಸಲ ಅದು ಜಾಣತನದಿಂದ ಬಂದದ್ದಲ್ಲ, ಮೆಮೊರಿ ಸಾಲದೆ ಬಂದದ್ದು. ಆದರೂ ಮಜಾ ಇದ್ದದ್ದು ಆ ಅರ್ಧದಲ್ಲೇ. ನನಗೆ ಇಷ್ಟವಾದ ಹೊಸ ಆಟಗಳೆಲ್ಲ ಆ ಅರ್ಧವನ್ನು ಮತ್ತೆ ನಮಗೆ ವಾಪಸ್ ಕೊಟ್ಟವು.

'ಹಳೆಯ' ಅಂದರೆ ಎಷ್ಟು ಹಳೆಯದು?

ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳದೆ ವಾದಕ್ಕೆ ಇಳಿಯಬೇಡಿ. ಒಬ್ಬರಿಗೆ 'ಹಳೆಯದು' ಅಂದರೆ 1981ರ ವಿಝರ್ಡ್ರಿ. ಇನ್ನೊಬ್ಬರಿಗೆ 2011ರ ಸ್ಕೈರಿಮ್ಮೇ ಅಜ್ಜನ ಕಾಲದ್ದು.

ಬೇರು ಕಾಗದದ ಆಟದಲ್ಲಿದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. ದಾಳ ಉರುಳಿಸಿ, ಪೆನ್ಸಿಲ್ ಹಿಡಿದು, ಮೇಜಿನ ಸುತ್ತ ಕೂತು ಆಡುವ ಆಟ. ಅದನ್ನು ಕಂಪ್ಯೂಟರಿಗೆ ತರುವ ಆಸೆಯಿಂದ 1981ರಲ್ಲಿ ಅಲ್ಟಿಮಾ ಮತ್ತು ವಿಝರ್ಡ್ರಿ ಹುಟ್ಟಿದವು. ಆ ಎರಡನ್ನೂ ಆಡಿ ಮರುಳಾದ ಯೂಜಿ ಹೋರಿಯಿ ಜಪಾನಿನಲ್ಲಿ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು. ಮರುವರ್ಷ ಫೈನಲ್ ಫ್ಯಾಂಟಸಿ ಬಂತು. ಜಪಾನಿನ ಕವಲು, ಪಶ್ಚಿಮದ ಕವಲು ಅಲ್ಲಿಂದ ಬೇರೆ ಬೇರೆ.

ಜಗಳದಲ್ಲಿ ಜನ ಹೊಗಳುವ 'ಹಳೆಯ ಕಾಲ' ಮಾತ್ರ ಸಾಮಾನ್ಯವಾಗಿ 1994ರಿಂದ 2004ರವರೆಗಿನದು. ಕ್ರೋನೊ ಟ್ರಿಗರ್, ಫೈನಲ್ ಫ್ಯಾಂಟಸಿ 7, ಫಾಲ್‌ಔಟ್, ಬಾಲ್ಡರ್ಸ್ ಗೇಟ್, ಪ್ಲೇನ್‌ಸ್ಕೇಪ್ ಟಾರ್ಮೆಂಟ್, ಮೊರೊವಿಂಡ್, ಎಲ್ಲಾ ಈ ಹತ್ತು ವರ್ಷದೊಳಗೇ ಬಂದವು. ನಾನೂ ಇಲ್ಲಿ ಹೆಚ್ಚಾಗಿ ಅವುಗಳ ಬಗ್ಗೆಯೇ ಮಾತಾಡುತ್ತೇನೆ.

ಇದೆಲ್ಲ ಬರೀ ಚಿಕ್ಕಂದಿನ ನೆನಪಿನ ಮೋಹ ಅಲ್ವಾ?

ಅರ್ಧ ಹೌದು. ದೂರದ ಬೆಟ್ಟ ನುಣ್ಣಗೆ ಅಂತ ಸುಮ್ನೆ ಹೇಳಿಲ್ಲ. ನಾನು ಇದನ್ನು ಎರಡು ಆಟ ಇಟ್ಟುಕೊಂಡು ಪರೀಕ್ಷೆ ಮಾಡಿದೆ.

ಮೊದಲನೆಯದು, ಹುಡುಗನಾಗಿದ್ದಾಗ ತಲೆ ಮೇಲೆ ಹೊತ್ತು ಮೆರೆಸಿದ್ದ ಫೈನಲ್ ಫ್ಯಾಂಟಸಿ 7. ನೆನಪಿನಲ್ಲಿ ಇದ್ದದ್ದು ಕಥೆ, ಸಂಗೀತ, ಆ ಒಂದು ಸಾವು. ನೆನಪಿನಲ್ಲಿ ಇಲ್ಲದೇ ಇದ್ದದ್ದು, ನಾಲ್ಕು ಹೆಜ್ಜೆ ಇಟ್ಟರೆ ಎದುರಾಗುವ ಹೋರಾಟ. ಪರದೆ ಸುಳಿಯಾಗಿ ತಿರುಗುತ್ತದೆ, ಅದೇ ಸಂಗೀತ, ಅದೇ ಎರಡು ಪ್ರಾಣಿ, ಮುಗಿಯಿತು, ಮತ್ತೆ ನಾಲ್ಕು ಹೆಜ್ಜೆ. ಹುಡುಗನಾಗಿದ್ದಾಗ ಸಮಯ ಬಿಟ್ಟಿ ಸಿಗುತ್ತಿತ್ತು, ಗೊತ್ತಾಗಿರಲಿಲ್ಲ. ಈ ಸಲ ವೇಗ ಮೂರು ಪಟ್ಟು ಮಾಡುವ ಗುಂಡಿ ಇರುವ ಆವೃತ್ತಿ ಸಿಕ್ಕಿತು, ಅದರಿಂದ ಬಚಾವಾದೆ.

ಎರಡನೆಯದು, ಆಗ ಆಡೇ ಇರದ 1997ರ ಫಾಲ್‌ಔಟ್. ಇದರ ಬಗ್ಗೆ ಯಾವ ಮೋಹವೂ ಇರಲಿಲ್ಲ. ಮೊದಲ ಒಂದು ಗಂಟೆ ಗುಹೆಯಲ್ಲಿ ಇಲಿಗಳ ಜತೆ ಗುದ್ದಾಟ. ಹತ್ತು ಏಟಿನಲ್ಲಿ ಆರು ಗಾಳಿಗೆ. ಕರ್ಸರ್ ಬದಲಿಸಲು ರೈಟ್ ಕ್ಲಿಕ್ ಮಾಡಬೇಕು ಅಂತ ಗೊತ್ತಾಗೋಕೇ ಹತ್ತು ನಿಮಿಷ. ಬಿಟ್ಟುಬಿಡೋಣ ಅನಿಸಿತು. ನಾಲ್ಕನೆಯ ರಾತ್ರಿ ಹೊತ್ತಿಗೆ ಎರಡು ಗಂಟೆಯಾದರೂ ಏಳಲಿಲ್ಲ. ಆ ಆಟದಲ್ಲಿ ಏನೋ ಇದೆ, ಅದು ನನ್ನ ನೆನಪು ಹಚ್ಚಿದ ಬಣ್ಣ ಅಲ್ಲ.

ಇನ್ನೊಂದು ಮಾತು. ಹಳೆಯ ಕಾಲದ ಆಟಗಳೆಲ್ಲ ಚೆನ್ನಾಗಿದ್ದವು ಅನಿಸೋದು, ಜೊಳ್ಳು ಹಾರಿಹೋಗಿ ಕಾಳು ಉಳಿದಿರೋದರಿಂದ. ಆ ಕಾಲದಲ್ಲಿ ಬಂದ ಕೆಟ್ಟ ಆರ್‌ಪಿಜಿಗಳನ್ನು ಯಾರೂ ಮತ್ತೆ ಬಿಡುಗಡೆ ಮಾಡುವುದಿಲ್ಲ, ಯಾರೂ ನೆನೆಯುವುದಿಲ್ಲ. ಹೊಸ ಕಾಲದ ಜೊಳ್ಳು ಮಾತ್ರ ಇನ್ನೂ ಕಣ್ಣೆದುರೇ ಇದೆ.

ಹಳೆಯ ಆಟಗಳು ಬದಲಾಗಿಲ್ಲ, ನಾವು ಬದಲಾಗಿದ್ದೇವೆ ಅಂತಾರಲ್ಲ?

ಅದಕ್ಕೆ ಒಳ್ಳೆಯ ಸಾಕ್ಷಿ ಇದೆ. ಆನ್‌ಲೈನ್‌ನಲ್ಲಿ ಗುಂಪು ಕಟ್ಟಿ ಆಡುವ 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟನ್ನು ಹಳೆಯ ರೂಪದಲ್ಲೇ ವಾಪಸ್ ಕೊಡಿ ಅಂತ ಜನ ವರ್ಷಗಟ್ಟಲೆ ಕೇಳಿದರು. 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಹೆಸರಲ್ಲಿ ಬಂತು. ಮೊದಲ ಸುತ್ತಿನಲ್ಲಿ ರಗ್ನರೋಸ್ ಎಂಬ ಬಾಸನ್ನು, ಅಂದರೆ ದೊಡ್ಡ ಎದುರಾಳಿಯನ್ನು, ಕೆಡವಲು ದೊಡ್ಡ ದೊಡ್ಡ ಗುಂಪುಗಳಿಗೂ ತಿಂಗಳುಗಳು ಹಿಡಿದಿದ್ದವು. ಎರಡನೆಯ ಸಲ ಒಂದು ವಾರದೊಳಗೇ ಉರುಳಿತು. ಹದಿನೈದು ವರ್ಷದಲ್ಲಿ ಆಡುವವರು ಪ್ರತಿಯೊಂದು ಲೆಕ್ಕವನ್ನೂ ಕಲಿತು ಕೂತಿದ್ದರು. ಆಟ ಅದೇ ವಾಪಸ್ ಬಂತು, ಗೊತ್ತಿಲ್ಲದಿರುವಿಕೆ ಬರಲಿಲ್ಲ.

ದಾರಿ ತೋರಿಸುವ ಬಾಣ ಬಂದದ್ದು ಅಷ್ಟು ದೊಡ್ಡ ತಪ್ಪಾ?

ನನಗೆ ತುಂಬಾ ಇಷ್ಟವಾದ ಜಗಳ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

2002ರ ಮೊರೊವಿಂಡ್‌ನಲ್ಲಿ ಬಾಣ ಇಲ್ಲ. ಶುರುವಿನಲ್ಲೇ ಒಂದು ಕೆಲಸ ಬರುತ್ತದೆ. ಆರ್ಕ್‌ಂಗ್‌ಥಾಂಡ್ ಎಂಬ ಪಾಳು ಜಾಗಕ್ಕೆ ಹೋಗಿ ಒಂದು ಪೆಟ್ಟಿಗೆ ತರಬೇಕು. ದಾರಿಯನ್ನು ಮನುಷ್ಯರು ಹೇಳುವ ಹಾಗೇ ಹೇಳುತ್ತಾರೆ. ಊರಿಂದ ಈ ಕಡೆ ಹೋಗು, ಕೋಟೆ ಸಿಗುತ್ತೆ, ಹಳೆಯ ಸೇತುವೆ ದಾಟು, ಹೀಗೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೋಟೆ ಸಿಕ್ಕಿತು. ಸೇತುವೆ ಸಿಕ್ಕಿತು. ಬಾಗಿಲು ಮಾತ್ರ ಇಲ್ಲ. ಬಂಡೆ ಸುತ್ತ ಅಲೆದು ಅಲೆದು ಕೊನೆಗೆ ಒಂದು ಕೊಳವೆಯ ಮೇಲೆ ತಿರುಗಣೆ ಕಣ್ಣಿಗೆ ಬಿತ್ತು. ತಿರುಗಿಸಿದೆ. ಬೆಟ್ಟವೇ ಬಾಯಿ ತೆರೆದ ಹಾಗೆ ಬಾಗಿಲು ಸರಿಯಿತು. ಆ ಕ್ಷಣಕ್ಕೆ ಕುರ್ಚಿಯಿಂದ ಎದ್ದು ನಿಂತಿದ್ದೆ.

ಆಮೇಲೆ ಒಳಗೆ ಎರಡು ಸಂಜೆ ಹುಡುಕಿದೆ. ಪೆಟ್ಟಿಗೆ ಅಂದರೆ ದೊಡ್ಡದಿರಬೇಕು ಅಂದುಕೊಂಡಿದ್ದೆ. ಅದು ಅಂಗೈಯಷ್ಟು ಇರುವ ಒಂದು ಚೌಕ, ಕಪಾಟಿನ ಮೇಲೆ ಬೇರೆ ಸಾಮಾನಿನ ಥರವೇ ಸುಮ್ನೆ ಕೂತಿತ್ತು. ಆ ಆಟದ ವಿನ್ಯಾಸಕಾರರಿಗೆ ಅವತ್ತು ಬೈದಷ್ಟು ಯಾರಿಗೂ ಬೈದಿಲ್ಲ.

ಅದೇ ಸರಣಿಯ ಮುಂದಿನ ಆಟ, 2006ರ ಆಬ್ಲಿವಿಯನ್‌ನಲ್ಲಿ ದಿಕ್ಸೂಚಿಯ ಮೇಲೆ ಗುರುತು ಬಂತು. ಎಲ್ಲಿ ಹೋಗಬೇಕೋ ಅಲ್ಲಿಗೆ ನೇರ. ಸುಖ. ಬಾಣ ಬೇಡ ಅನ್ನುವವರು ಆಫ್ ಮಾಡಿಕೊಳ್ಳಲಿ ಅಂತ ಎಲ್ಲರೂ ಹೇಳುತ್ತಾರೆ. ತೊಂದರೆ ಇರುವುದು ಅಲ್ಲೇ. ಬಾಣ ಇದೆ ಅಂತಾದ ಮೇಲೆ ಮಾತು ಬರೆಯುವವರು ದಾರಿ ಹೇಳುವುದನ್ನೇ ಬಿಟ್ಟರು. ಅದರ ಮುಂದಿನ ಸ್ಕೈರಿಮ್‌ನಲ್ಲಿ ಬಾಣ ತೆಗೆದು ನೋಡಿ. ಇಂಥ ಗುಹೆಯಿಂದ ಇಂಥ ವಸ್ತು ತಾ ಅಂತ ಡೈರಿಯಲ್ಲಿ ಇರುತ್ತದೆ. ಆ ಗುಹೆ ಎಲ್ಲಿದೆ ಅಂತ ಎಷ್ಟೋ ಸಲ ಯಾರೂ ಹೇಳಿರುವುದೇ ಇಲ್ಲ. ಬಾಣ ಒಂದು ಸೌಲಭ್ಯ ಅಂತ ಶುರುವಾಗಿ ಊರುಗೋಲಾಯಿತು.

ಮೊರೊವಿಂಡ್‌ನ ದಾರಿಗಳೂ ದೇವರ ವಾಕ್ಯ ಅಲ್ಲ. ಕೆಲವು ಕಡೆ ಹೇಳಿದ ದಿಕ್ಕೇ ತಪ್ಪು. ದಿನಕ್ಕೆ ಒಂದು ಗಂಟೆ ಮಾತ್ರ ಆಡಲು ಸಿಗುವವರಿಗೆ ಬಾಣ ದೊಡ್ಡ ಉಪಕಾರ. 2018ರ ಅಸಾಸಿನ್ಸ್ ಕ್ರೀಡ್ ಒಡಿಸ್ಸಿಯಲ್ಲಿ ಎರಡನ್ನೂ ಇಟ್ಟರು. ಬೇಕಿದ್ದರೆ ಗುರುತು, ಬೇಡದಿದ್ದರೆ ಊರಿನ ಉತ್ತರಕ್ಕೆ, ಕೊಳದ ಪಕ್ಕದಲ್ಲಿ ಅನ್ನುವಂಥ ಸುಳಿವು. ಇಷ್ಟೇ ಸಾಕಿತ್ತು. ಉಳಿದವರು ಯಾಕೆ ಮಾಡುವುದಿಲ್ಲವೋ.

ಹಳೆಯವು ನಿಜಕ್ಕೂ ಅಷ್ಟು ಕಷ್ಟವಾ?

ಕಷ್ಟ ಬೇರೆ, ಕಾಟ ಬೇರೆ. ಹಳೆಯದರಲ್ಲಿ ಎರಡೂ ಇದ್ದವು.

ವಿಝರ್ಡ್ರಿಯಲ್ಲಿ ನಿಮ್ಮ ತಂಡ ಸತ್ತರೆ ಹೆಣಗಳು ನೆಲಮಾಳಿಗೆಯಲ್ಲೇ ಉಳಿಯುತ್ತಿದ್ದವು. ಹೊಸ ತಂಡ ಕಟ್ಟಿ, ಅವರನ್ನು ಬೆಳೆಸಿ, ಕೆಳಗಿಳಿದು ಹಳಬರನ್ನು ಎತ್ತಿ ತರಬೇಕು. ಮತ್ತೆ ಜೀವ ಬರಿಸಲು ಹೋದರೆ ಒಮ್ಮೊಮ್ಮೆ ಹೆಣ ಬೂದಿಯಾಗುತ್ತಿತ್ತು. ಬೂದಿಗೆ ಜೀವ ಬರಿಸಲು ಹೋಗಿ ಅದೂ ಕೆಟ್ಟರೆ ಆ ಪಾತ್ರ ಶಾಶ್ವತವಾಗಿ ಹೋಯಿತು. ಇದು ಕಷ್ಟ. ಇದರಲ್ಲಿ ಎದೆ ಹೊಡೆದುಕೊಳ್ಳುತ್ತದೆ.

ಜಪಾನಿನ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಸೇವ್ ಇರಲಿಲ್ಲ. ಆಟ ನಿಲ್ಲಿಸುವಾಗ 20 ಅಕ್ಷರದ ಪಾಸ್‌ವರ್ಡ್ ಬರೆದುಕೊಳ್ಳಬೇಕು. ಒಂದಕ್ಷರ ತಪ್ಪಿದರೆ ಮುಗಿಯಿತು. ಎರಡನೆಯ ಭಾಗದಲ್ಲಿ ಅದು 52 ಅಕ್ಷರದವರೆಗೂ ಹೋಯಿತು. ಇದು ಕಾಟ. ಇದನ್ನು ಯಾರಾದರೂ ಹೊಗಳಿದರೆ ನಂಬಬೇಡಿ.

ಹೊಸ ಆಟಗಳು ಸುಲಭ ಅನ್ನುವ ಮಾತು 2009ರ ಡೀಮನ್ಸ್ ಸೋಲ್ಸ್, 2011ರ ಡಾರ್ಕ್ ಸೋಲ್ಸ್ ಬಂದ ಮೇಲೆ ನಿಲ್ಲುವುದಿಲ್ಲ. ಅಲ್ಲಿ ಸಾಯೋದು ನೂರು ಸಲ. ಆದರೆ ಪ್ರತಿ ಸಾವಿನಲ್ಲೂ ತಪ್ಪು ಯಾರದ್ದು ಅಂತ ನಮಗೇ ಗೊತ್ತಿರುತ್ತದೆ.

ಥ್ಯಾಕೊ ಅಂದರೇನು? ಯಾಕೆ ಎಲ್ಲರೂ ಅದನ್ನು ಕಂಡರೆ ಓಡ್ತಾರೆ?

ಬಾಲ್ಡರ್ಸ್ ಗೇಟ್ ಥರದ ಆಟಗಳಲ್ಲಿ ಏಟು ತಗುಲುತ್ತದಾ ಇಲ್ಲವಾ ಅಂತ ನೋಡುವ ಲೆಕ್ಕ. ನಿಮ್ಮ ಥ್ಯಾಕೊ 20, ಎದುರಾಳಿಯ ರಕ್ಷಣೆ 5 ಅಂತಿಟ್ಟುಕೊಳ್ಳಿ. 20ರಿಂದ 5 ಕಳೆದರೆ 15. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬಿದ್ದರೆ ಏಟು ಬಿತ್ತು. ಥ್ಯಾಕೊ ಕಮ್ಮಿ ಇದ್ದಷ್ಟೂ ಒಳ್ಳೆಯದು, ರಕ್ಷಣೆಯ ಅಂಕವೂ ಕಮ್ಮಿ ಇದ್ದಷ್ಟೂ ಒಳ್ಳೆಯದು. ತಲೆಕೆಳಗು. ಅಷ್ಟೇ ಗುಟ್ಟು, ಇನ್ನು ಹೆದರಬೇಡಿ.

ಧ್ವನಿ ಬಂದ ಮೇಲೆ ಮಾತು ಬಡವಾಯ್ತು ಅಂತಾರೆ. ಹೌದಾ?

ಸ್ವಲ್ಪ ಕಾಲ ಹೌದು. 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ನಲ್ಲಿ ಸುಮಾರು 8 ಲಕ್ಷ ಪದಗಳಿವೆ. ಹೆಚ್ಚಿನದನ್ನು ಓದಬೇಕು, ಕೇಳುವುದಲ್ಲ. ಬರೆಯೋದಕ್ಕೆ ಖರ್ಚು ಕಮ್ಮಿ, ಹಾಗಾಗಿ ಬರೆಯುವವರು ಮಾತಿಗೆ, ಕಥೆಗೆ ಧಾರಾಳವಾಗಿ ಕವಲು ಹೊಡೆಸುತ್ತಿದ್ದರು.

1998ರ ಫಾಲ್‌ಔಟ್ 2ರಲ್ಲಿ ಬುದ್ಧಿಯ ಅಂಕ ತೀರಾ ಕಮ್ಮಿ ಇಟ್ಟು ಪಾತ್ರ ಮಾಡಿ ನೋಡಿ. ನಿಮ್ಮ ಬಾಯಿಂದ ತೊದಲು ಬಿಟ್ಟರೆ ಬೇರೆ ಬರುವುದಿಲ್ಲ. ಊರವರು ನಿಮ್ಮನ್ನು ಕರುಣೆಯಿಂದಲೋ ಅಸಹ್ಯದಿಂದಲೋ ನೋಡುತ್ತಾರೆ. ಕ್ಲಾಮತ್ ಊರಿನಲ್ಲಿ ಟಾರ್ ಎಂಬವನಿದ್ದಾನೆ, ಅವನೂ ನಿಮ್ಮ ಹಾಗೇ. ಬೇರೆಯವರಿಗೆ ಅವನ ಮಾತು ಅರ್ಥವಾಗುವುದಿಲ್ಲ. ಆದರೆ ನೀವಿಬ್ಬರು ಮಾತಿಗೆ ಕೂತರೆ ಇಬ್ಬರೂ ಪಂಡಿತರ ಹಾಗೆ ಮಾತಾಡುತ್ತೀರಿ! ಈ ತಮಾಷೆ ಕಾಣುವುದು ಹಾಗೆ ಆಡಿದವರಿಗೆ ಮಾತ್ರ. ಬಹಳ ಜನ ನೋಡಲೇ ಇಲ್ಲ. ಆದರೂ ಬರೆದಿಟ್ಟರು.

ಪ್ರತಿ ಸಾಲಿಗೂ ನಟ, ಸ್ಟುಡಿಯೊ, ಮುಖದ ಅನಿಮೇಷನ್ ಬೇಕು ಅಂತಾದಾಗ ಈ ಧಾರಾಳತನ ಹೋಯಿತು. 2015ರ ಫಾಲ್‌ಔಟ್ 4ರಲ್ಲಿ ನಾಯಕನಿಗೇ ಧ್ವನಿ ಕೊಟ್ಟರು, ಉತ್ತರ ನಾಲ್ಕಕ್ಕೆ ಇಳಿಯಿತು. ಗುಂಡಿಯ ಮೇಲೆ ಒಂದೆರಡು ಪದ, ಪಾತ್ರ ಹೇಳುವುದು ಬೇರೇನೋ. ಪೂರ್ತಿ ಸಾಲು ತೋರಿಸುವ ಮಾಡ್ ಒಂದನ್ನು, ಅಂದರೆ ಆಟಕ್ಕೆ ಹೊರಗಿಂದ ಸೇರಿಸುವ ತಿದ್ದುಪಡಿಯನ್ನು, ಆಡುವವರೇ ಮಾಡಿಕೊಳ್ಳಬೇಕಾಯಿತು.

ಆದರೆ ಈ ದೂರು ಈಗ ಹಳಸಿದೆ. 2019ರ ಡಿಸ್ಕೊ ಎಲಿಸಿಯಂನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದ. 2021ರ ಫೈನಲ್ ಕಟ್ ಆವೃತ್ತಿಯಲ್ಲಿ ಅದಕ್ಕೆಲ್ಲ ಧ್ವನಿಯನ್ನೂ ಕೂಡಿಸಿದರು. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಧ್ವನಿಯೂ ಇದೆ, ಕವಲೂ ಇದೆ. ಖರ್ಚು ಮಾಡುವ ಮನಸ್ಸು, ಸಮಯ ಎರಡೂ ಬೇಕು. ಆ ಆಟ 2020ರ ಅಕ್ಟೋಬರ್‌ನಿಂದಲೇ ಆಡುವವರ ಕೈಯಲ್ಲಿದ್ದು ಸುಮಾರು ಮೂರು ವರ್ಷ ಪಾಕ ಬಂದದ್ದು ಅನ್ನೋದು ನೆನಪಿರಲಿ.

ನಮ್ಮ ಆಯ್ಕೆಗೆ ಬೆಲೆ ಇದ್ದದ್ದು ಹಳೆಯದರಲ್ಲಾ?

ಮೊದಲು ಒಂದು ಹಳೆಯ ಕುರುಡಿಯ ಕಥೆ. 1985ರ ಅಲ್ಟಿಮಾ 4ರಲ್ಲಿ ಕೊಲ್ಲಬೇಕಾದ ದೊಡ್ಡ ಖಳನೇ ಇಲ್ಲ. ಎಂಟು ಗುಣಗಳಲ್ಲಿ ಪಳಗಬೇಕು, ಅಷ್ಟೇ. ಅಲ್ಲಿ ಮಂತ್ರದ ಮೂಲಿಕೆ ಮಾರುವವಳಿಗೆ ಕಣ್ಣು ಕಾಣಿಸುವುದಿಲ್ಲ. ಬೆಲೆ ಹೇಳುತ್ತಾಳೆ, ನಾಣ್ಯ ಎಣಿಸಿ ಇಡುವವರು ನೀವು. ಕಮ್ಮಿ ಇಟ್ಟರೂ ಅವಳು ಏನೂ ಅನ್ನುವುದಿಲ್ಲ. ಪರದೆಯ ಮೇಲೂ ಏನೂ ಬರುವುದಿಲ್ಲ. ಆಟ ಒಳಗೊಳಗೇ ಲೆಕ್ಕ ಬರೆದುಕೊಳ್ಳುತ್ತದೆ. ಎಷ್ಟೋ ಗಂಟೆ ಕಳೆದ ಮೇಲೆ ಪ್ರಾಮಾಣಿಕತೆಯ ಬಾಗಿಲು ನಿಮಗೆ ತೆರೆಯುವುದೇ ಇಲ್ಲ.

ಈಗ ಅದೇ ಜಾಗದಲ್ಲಿ ಪರದೆಯ ಮೂಲೆಯಲ್ಲಿ 'ಅವಳಿಗೆ ಇದು ಇಷ್ಟವಾಗಲಿಲ್ಲ' ಅಂತ ಸೂಚನೆ ಬರುತ್ತದೆ. ತಕ್ಷಣ ಹಿಂದಿನ ಸೇವ್ ತೆರೆಯುತ್ತೇವೆ. ನಾನೂ ತೆರೆಯುತ್ತೇನೆ, ಸುಳ್ಳು ಯಾಕೆ ಹೇಳಲಿ.

ಇನ್ನು ಗುಟ್ಟು ಬರುತ್ತಿದೆ, ಫಾಲ್‌ಔಟ್ ಆಡದವರು ಈ ಪ್ಯಾರಾ ಬಿಡಿ. ಕೊನೆಯ ಖಳ ಮಾಸ್ಟರ್‌ನನ್ನು ಗುಂಡು ಹಾರಿಸದೇ ಸೋಲಿಸಬಹುದು. ಅವನು ಸೃಷ್ಟಿಸಿದ ಹೊಸ ಜನಾಂಗಕ್ಕೆ ಮಕ್ಕಳಾಗುವುದಿಲ್ಲ ಅಂತ ನೀವು ಮೊದಲೇ ಪತ್ತೆ ಮಾಡಿದ್ದರೆ, ಆ ದಾಖಲೆ ಅವನ ಮುಂದೆ ಇಡಬಹುದು. ಅವನು ಪರಿಶೀಲಿಸುತ್ತಾನೆ. ನಿಜ ಅಂತ ತಿಳಿದು ಕುಸಿಯುತ್ತಾನೆ. ಬಾಸ್ ಒಬ್ಬ ಸಾಕ್ಷ್ಯ ನೋಡಿ ಮನಸ್ಸು ಬದಲಿಸಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಮೊರೊವಿಂಡ್‌ನಲ್ಲಿ ಕಥೆಗೆ ಬೇಕಾದವರನ್ನೂ ಕೊಲ್ಲಬಹುದು. ಭವಿಷ್ಯವಾಣಿಯ ಎಳೆ ಕಡಿಯಿತು ಅಂತ ಒಂದು ಸಂದೇಶ ಬರುತ್ತದೆ. ಬೇಕಿದ್ದರೆ ಹಳೆಯ ಸೇವ್‌ಗೆ ಹೋಗಿ, ಇಲ್ಲ ಕೆಟ್ಟ ಲೋಕದಲ್ಲೇ ಇರಿ. ಆಬ್ಲಿವಿಯನ್‌ನಲ್ಲಿ ಅಂಥವರು ಸಾಯುವುದೇ ಇಲ್ಲ, ಮೂರ್ಛೆ ಬಿದ್ದು ಮತ್ತೆ ಮೈ ಕೊಡವಿ ಏಳುತ್ತಾರೆ.

ಆದರೂ ಈ ಪ್ರಶ್ನೆಗೆ ಹೌದು ಅಂತ ಹೇಳಲಾರೆ. ಡಿಸ್ಕೊ ಎಲಿಸಿಯಂನ ಮೊದಲ ಕೋಣೆಯಲ್ಲೇ, ಮೈಯಲ್ಲಿ ತ್ರಾಣ ಇಲ್ಲದ ಪಾತ್ರ ಮಾಡಿಕೊಂಡಿದ್ದರೆ, ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಎದೆ ಹಿಡಿದುಕೊಂಡು ಸಾಯಬಹುದು. ಆಟ ಶುರುವಾಗಿ ಐದು ನಿಮಿಷವೂ ಆಗಿರುವುದಿಲ್ಲ. ಅಲ್ಟಿಮಾದ ಕುರುಡಿ ನೋಡಿದ್ದರೆ ನಕ್ಕಿರುತ್ತಿದ್ದಳು.

ಎದುರಾಳಿಗಳೂ ನಮ್ಮ ಜತೆಗೇ ಬೆಳೆಯೋದು ಯಾಕೆ ಕಿರಿಕಿರಿ?

ಬೆಳೆದ ಸುಖ ಸಿಗುವುದಿಲ್ಲ, ಅದಕ್ಕೆ. ಆಬ್ಲಿವಿಯನ್‌ನಲ್ಲಿ ನಿಮ್ಮ ಲೆವೆಲ್ ಏರಿದಂತೆ ದಾರಿಗಳ್ಳರೂ ಏರುತ್ತಾರೆ. ಕೊನೆಕೊನೆಗೆ ಗ್ಲಾಸ್ ಕವಚ ತೊಟ್ಟ ಕಳ್ಳ ನೂರು ಚಿನ್ನ ಕೊಡು ಅಂತ ಅಡ್ಡಗಟ್ಟುತ್ತಾನೆ. ಅಲ್ಲಯ್ಯಾ, ಮೈ ಮೇಲಿರುವ ಕವಚ ಮಾರಿದರೆ ಒಂದು ಮನೆ ಬರುತ್ತದಲ್ಲ! ಹಳೆಯದರಲ್ಲಿ ಹೆದರಿ ಓಡಿದ ಜಾಗಕ್ಕೆ ಇಪ್ಪತ್ತು ಗಂಟೆ ಬಿಟ್ಟು ವಾಪಸ್ ಬಂದು ಸೇಡು ತೀರಿಸಿಕೊಳ್ಳಬಹುದಿತ್ತು. 2022ರ ಎಲ್ಡನ್ ರಿಂಗ್‌ನಲ್ಲಿ ಆ ಸೇಡು ವಾಪಸ್ ಬಂದಿದೆ. ಶುರುವಿನಲ್ಲೇ ಕುದುರೆ ಮೇಲೆ ಚಿನ್ನದ ಬಣ್ಣದ ಯೋಧ ಬರುತ್ತಾನೆ. ಮೊದಲ ಸಲ ಓಡಿ.

ಹಳೆಯ ಆಟಗಳು ಪೂರ್ತಿ ಮುಗಿಸಿದ ಮೇಲೆ ಮಾರಾಟಕ್ಕೆ ಬರ್ತಿದ್ದವು, ಅಲ್ವಾ?

ಇದು ಶುದ್ಧ ಕಟ್ಟುಕಥೆ. 1996ರ ಡ್ಯಾಗರ್‌ಫಾಲ್‌ನಲ್ಲಿ ನಡೆಯುತ್ತಾ ನಡೆಯುತ್ತಾ ನೆಲದೊಳಗೆ ಬಿದ್ದು ಕಪ್ಪು ಶೂನ್ಯದಲ್ಲಿ ತೇಲುವುದು ಮಾಮೂಲಿ. 2001ರ ಪೂಲ್ ಆಫ್ ರೇಡಿಯನ್ಸ್ ರೂಯಿನ್ಸ್ ಆಫ್ ಮಿತ್ ಡ್ರಾನರ್ ಇನ್ನೂ ಮೇಲು. ಅದನ್ನು ಕಂಪ್ಯೂಟರಿಂದ ತೆಗೆಯಲು ಹೋದರೆ ಸಿಸ್ಟಮ್ ಫೈಲುಗಳನ್ನೂ ಅಳಿಸಿಬಿಡುವ ಸಾಧ್ಯತೆ ಇತ್ತು. ಮನೆ ಖಾಲಿ ಮಾಡುವಾಗ ಗೋಡೆಯನ್ನೂ ಕಿತ್ತುಕೊಂಡು ಹೋದ ಬಾಡಿಗೆದಾರನ ಹಾಗೆ. 2004ರ ವ್ಯಾಂಪೈರ್ ದಿ ಮಾಸ್ಕರೇಡ್ ಬ್ಲಡ್‌ಲೈನ್ಸ್ ಅರೆಬೆಂದೇ ಬಂತು. ಅದನ್ನು ಆಡುವ ಹಾಗೆ ಮಾಡಿದ್ದು ಅಭಿಮಾನಿಗಳು ವರ್ಷಗಟ್ಟಲೆ ಬಿಟ್ಟ ಪ್ಯಾಚುಗಳು, ಅಂದರೆ ದೋಷ ಸರಿಪಡಿಸುವ ತೇಪೆಗಳು.

ವ್ಯತ್ಯಾಸ ಇಷ್ಟೇ. ಆಗ ಪ್ಯಾಚ್ ಸಿಗುವುದೇ ಕಷ್ಟ, ಹಾಗಾಗಿ ಕೆಟ್ಟದ್ದು ಕೆಟ್ಟದ್ದಾಗೇ ಉಳಿಯುತ್ತಿತ್ತು. ಈಗ ಸರಿ ಮಾಡಬಹುದು ಅನ್ನುವ ಧೈರ್ಯದಲ್ಲೇ ಕೆಟ್ಟದ್ದನ್ನು ಬಿಡುತ್ತಾರೆ. ಸೈಬರ್‌ಪಂಕ್ 2077 ನೋಡಿ. 2020ರ ಡಿಸೆಂಬರ್‌ನಲ್ಲಿ ಬಂದ ಕೆಲವೇ ದಿನದಲ್ಲಿ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದರು. 2023ರ ಹೊತ್ತಿಗೆ ಅದು ಬೇರೆಯೇ ಆಟ, ಈಗ ಖುಷಿಯಿಂದ ಆಡಬಹುದು. ಮೊದಲ ದಿನ ದುಡ್ಡು ಕೊಟ್ಟವರ ಸಿಟ್ಟು ಮಾತ್ರ ನ್ಯಾಯವಾದದ್ದೇ.

ಡಿಎಲ್‌ಸಿ ಹಾವಳಿ ಶುರುವಾದದ್ದು ಯಾವಾಗ?

ಡಿಎಲ್‌ಸಿ ಅಂದರೆ ಆಟದ ಮೇಲೆ ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಸರಕು. ಹಣೆಪಟ್ಟಿ ಅಂಟಿಸುವುದು ಆಬ್ಲಿವಿಯನ್‌ನ ಕುದುರೆ ಕವಚಕ್ಕೆ. 2006ರ ಏಪ್ರಿಲ್, ಎರಡೂವರೆ ಡಾಲರ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಎಲ್ಲರೂ ನಕ್ಕರು, ಆಮೇಲೆ ತಾವೂ ಕೊಂಡರು. ಅದೇ ಆಟಕ್ಕೆ ಹೊಸ ಹೊಳಪು ಕೊಟ್ಟು ತಂದ 2025ರ ರೀಮಾಸ್ಟರ್‌ನ ದುಬಾರಿ ಆವೃತ್ತಿಯಲ್ಲಿ ಮತ್ತೆ ಹೊಸ ಕುದುರೆ ಕವಚ ಇಟ್ಟರು. ತಮ್ಮನ್ನೇ ಆಡಿಕೊಂಡರೋ, ನಮ್ಮನ್ನೋ.

ಆದರೆ ಕಥೆ ಮುಂದುವರಿಸುವ ಭಾಗಗಳನ್ನು ದುಡ್ಡಿಗೆ ಮಾರುವುದು ಹಳೆಯ ಪದ್ಧತಿಯೇ. ವಿಚರ್ 3ರ ಬ್ಲಡ್ ಅಂಡ್ ವೈನ್ ಥರದ್ದು ಬಂದರೆ ನಾನೇ ಮೊದಲು ನಿಲ್ಲುತ್ತೇನೆ.

ಗ್ರಾಫಿಕ್ಸ್ ಕಮ್ಮಿ ಇದ್ದದ್ದೇ ಒಳ್ಳೆಯದಾಯ್ತು ಅನ್ನೋದು ಸುಳ್ಳು ಸಮಾಧಾನ ಅಲ್ವಾ?

ಪೂರ್ತಿ ಅಲ್ಲ. ಮೊದಲ ಡ್ರ್ಯಾಗನ್ ಕ್ವೆಸ್ಟ್ ಇಡೀ ಆಟ 64 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರ ಎಷ್ಟೋ ಪಟ್ಟು ದೊಡ್ಡದು. ಅಷ್ಟರಲ್ಲಿ ರಾಜ್ಯ, ಊರು, ರಾಕ್ಷಸ, ರಾಜಕುಮಾರಿ ಎಲ್ಲಾ. ಉಳಿದದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳಬೇಕು, ತುಂಬಿಕೊಳ್ಳುತ್ತಿತ್ತು.

ಜಾಗ ಸಾಲದೆ ಹುಟ್ಟಿದ ಉಪಾಯಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 1988ರ ವೇಸ್ಟ್‌ಲ್ಯಾಂಡ್‌ನದು. ಕಥೆಯ ಮಾತುಗಳಿಗೆ ಡಿಸ್ಕಿನಲ್ಲಿ ಜಾಗ ಇಲ್ಲ. ಅದಕ್ಕೆ ಡಬ್ಬಿಯಲ್ಲೇ ಒಂದು ಪುಸ್ತಕ ಇಟ್ಟರು. ಇಂಥ ಜಾಗಕ್ಕೆ ಬಂದಾಗ ಇಂಥ ನಂಬರಿನ ಪ್ಯಾರಾ ಓದು ಅಂತ ಆಟ ಹೇಳುತ್ತದೆ. ಕಳ್ಳತನದಿಂದ ಮುಂದೆ ಮುಂದೆ ಓದುವವರು ಇರುತ್ತಾರಲ್ಲ? ಅವರಿಗೋಸ್ಕರ ಪುಸ್ತಕದ ತುಂಬಾ ಸುಳ್ಳು ಪ್ಯಾರಾಗಳನ್ನು ಸೇರಿಸಿದ್ದರು. ಆಟದಲ್ಲಿ ಇಲ್ಲವೇ ಇಲ್ಲದ ಮಂಗಳ ಗ್ರಹದ ಒಂದು ಕಥೆಯೇ ಅದರಲ್ಲಿ ಹರಿದು ಬರುತ್ತದೆ. ಕದ್ದು ಓದಿದವರು ಮಂಗಳ ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂರಲಿ ಅಂತ.

ಸರದಿ ಪ್ರಕಾರ ಹೊಡೆದಾಡುವ ಪದ್ಧತಿ ಸತ್ತುಹೋಯ್ತಾ?

ಇಲ್ಲ. ಬಾಲ್ಡರ್ಸ್ ಗೇಟ್ 3 ಸರದಿಯದ್ದೇ. 2025ರ ಕ್ಲೇರ್ ಆಬ್ಸ್ಕ್ಯೂರ್ ಎಕ್ಸ್‌ಪೆಡಿಷನ್ 33 ಕೂಡ ಸರದಿಯದ್ದೇ, ಏಟು ತಪ್ಪಿಸಲು ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಬೇಕು ಅಷ್ಟೇ. ಜನಕ್ಕೆ ಇದು ಬೇಡ ಅಂತ ಹತ್ತು ಹದಿನೈದು ವರ್ಷ ಹೇಳಿದವರು ಈಗ ಸುಮ್ಮನಿದ್ದಾರೆ.

ಈಗಿನವು ಯಾಕೆ ಇಷ್ಟು ಉದ್ದ?

ಉದ್ದ ಮಾರಾಟವಾಗುತ್ತದೆ, ಅದಕ್ಕೆ. 1995ರ ಕ್ರೋನೊ ಟ್ರಿಗರ್ ಇಪ್ಪತ್ತು ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತದೆ. ಬೇಡದ ಒಂದು ಕೋಣೆ ಇಲ್ಲ. ಎದುರಾಳಿಗಳು ಕಣ್ಣೆದುರೇ ಓಡಾಡುತ್ತಿರುತ್ತಾರೆ, ಕೆಲವರನ್ನು ಬಳಸಿ ಹೋಗಬಹುದು. ಮುಗಿದ ಮೇಲೆ ಬೆಳೆದ ಪಾತ್ರಗಳ ಜತೆಗೇ ಮತ್ತೆ ಶುರು ಮಾಡಿದರೆ ಬೇರೆ ಬೇರೆ ಕೊನೆಗಳು. ಹತ್ತು ಗಿಡ ಕಿತ್ತು ತಾ, ಹದಿನೈದು ಗೋಪುರ ಹತ್ತು ಅನ್ನುವ ಹೊಸ ಆಟಗಳ ಮುಂದೆ ಇದನ್ನಿಟ್ಟರೆ ನಾಚಿಕೆಯಾಗಬೇಕು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಹಳಬರ ಪಕ್ಷ.

ಹಳೆಯದನ್ನು ಈಗ ಶುರು ಮಾಡೋದಾದರೆ ಯಾವುದರಿಂದ?

ಕ್ರೋನೊ ಟ್ರಿಗರ್‌ನಿಂದ. ಕಣ್ಣು ಮುಚ್ಚಿ ಹೇಳುತ್ತೇನೆ. ಆಮೇಲೆ ಓದುವ ಹುಚ್ಚಿದ್ದರೆ ಪ್ಲೇನ್‌ಸ್ಕೇಪ್ ಟಾರ್ಮೆಂಟ್, ಅಲೆಯುವ ಹುಚ್ಚಿದ್ದರೆ ಮೊರೊವಿಂಡ್. ಫಾಲ್‌ಔಟ್ ಹಿಡಿದರೆ ಒಂದು ಎಚ್ಚರಿಕೆ, ನೀರಿನ ಚಿಪ್ ತರಲು 150 ದಿನದ ಗಡುವಿದೆ, ಸುಮ್ನೆ ಅಲೆಯುತ್ತಾ ಕೂರಬೇಡಿ. ವಿಝರ್ಡ್ರಿ, ಮೊದಲ ಅಲ್ಟಿಮಾ ಬೇಡ, ಅವು ಚರಿತ್ರೆ ಓದುವವರಿಗೆ. ಯಾವ ಆಟಕ್ಕಾದರೂ ಮೂರು ಸಂಜೆ ಕೊಡಿ. ಮೊದಲ ಸಂಜೆ ಕೀಲಿ ಕಲಿಯುವುದರಲ್ಲೇ ಹೋಗುತ್ತದೆ.

ಈಗಿನ ಕಂಪ್ಯೂಟರಿನಲ್ಲಿ ಓಡ್ತವಾ?

ಹೆಸರಾಂತವು ಓಡುತ್ತವೆ. 2008ರಲ್ಲಿ ಶುರುವಾದ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಳೆಯ ಆಟಗಳನ್ನು ಇವತ್ತಿನ ವಿಂಡೋಸಿಗೆ ಹೊಂದಿಸಿಯೇ ಕೊಡುತ್ತಾರೆ. ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದ್ದಕ್ಕೆ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಇದೆ. ಮೊರೊವಿಂಡ್‌ಗೆ ಅಭಿಮಾನಿಗಳೇ ಓಪನ್‌ಎಂಡಬ್ಲ್ಯೂ ಅಂತ ಹೊಸ ಎಂಜಿನ್ ಕಟ್ಟಿದ್ದಾರೆ. ಡ್ಯಾಗರ್‌ಫಾಲನ್ನು ಅದೇ ಥರ ಅಭಿಮಾನಿಗಳು ಕಟ್ಟಿದ ಡ್ಯಾಗರ್‌ಫಾಲ್ ಯೂನಿಟಿಯಲ್ಲಿ ಆಡಿದರೆ ನೆಲದೊಳಗೆ ಬೀಳುವ ಕಾಟವೂ ಬಹಳ ಮಟ್ಟಿಗೆ ತಪ್ಪುತ್ತದೆ.

ಹೆಸರಿಲ್ಲದವುಗಳ ಗತಿ ಬೇರೆ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಹಾರಿಹೋಗಿದ್ದೆಲ್ಲ ಜೊಳ್ಳೇ ಅಂತ ಮೇಲೆ ಹೇಳಿದೆನಲ್ಲ, ಅದರಲ್ಲಿ ಎಷ್ಟು ಕಾಳಿತ್ತೋ.

ನೀವು ಈಗ ಆಡ್ತಿರೋದು ಯಾವುದು?

ಬಾಲ್ಡರ್ಸ್ ಗೇಟ್ 3, ಎರಡನೆಯ ಸುತ್ತು. ಈ ಸಲ ಸೇವ್ ತೆರೆದು ಹಿಂದಕ್ಕೆ ಹೋಗುವುದಿಲ್ಲ ಅಂತ ಪಣ ತೊಟ್ಟಿದ್ದೆ. ನಿನ್ನೆ ರಾತ್ರಿ ಒಂದು ಬಾಗಿಲಿಗೆ ದಾಳ ಹಾಕಿದರೆ ಒಂದು ಬಿತ್ತು. ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದೇನೆ.